ಯೆಲ್ಲೋಸ್ಟೋನಿನ ತೋಳದ ಟೂರು: ಗೈಡ್‌ಗೆ ಕೊಟ್ಟ ದುಡ್ಡು ವಸೂಲಾಯ್ತಾ?

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅನ್ನೋದನ್ನ ಆಮೇಲೆ ಬರೀತೀನಿ, ಊಟ ಮತ್ತೆ ಸ್ಕೋಪು (ದೂರದ್ದನ್ನ ಹತ್ರ ಕಾಣ್ಸೋ ದುರ್ಬೀನು), ಎರಡೇ ಮುಖ್ಯ ತಕರಾರು. ಕಂಪನಿ ಹೆಸ್ರು ಹಾಕಲ್ಲ. ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನ ಉತ್ತರದ ಬಾಗಿಲಲ್ಲಿ ಗಾರ್ಡಿನರ್ ಅಂತ ಒಂದು ಪುಟ್ಟ ಊರಿದೆ, ಅಲ್ಲಿಂದ ತೋಳ ತೋರ್ಸೋಕೆ ಕರ್ಕೊಂಡು ಹೋಗೋ ಗೈಡ್ ಸರ್ವಿಸ್‌ಗಳು ಸುಮಾರಿವೆ, ಪ್ಯಾಕೇಜೂ ಹೆಚ್ಚುಕಮ್ಮಿ ಒಂದೇ ಥರ, ಹಾಗಾಗಿ ಯಾರ ಜೊತೆ ಹೋದ್ರೂ ಇದು ಉಪಯೋಗಕ್ಕೆ ಬರ್ಬೋದು.

ನಾವು ಹೋಗಿದ್ದು ಫೆಬ್ರವರೀಲಿ. ನಾನು, ನನ್ ಹೆಂಡ್ತಿ, ಅವಳ ಫ್ರೆಂಡ್ ಒಬ್ಬಳು, ಆಮೇಲೆ ಊರಿಂದ ಬಂದಿದ್ದ ನಮ್ ಮಾವ. ಮಾವನೋರು ಗಂಗಾವತಿ ಕಡೆಯವ್ರು, ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ. ನಾಲ್ಕು ಜನಕ್ಕೆ ಪ್ರೈವೇಟ್ ಟೂರು, ಇಡೀ ದಿನಕ್ಕೆ ಹತ್ರಹತ್ರ ಸಾವಿರ ಡಾಲರು, ಜೊತೆಗೆ ಪಾರ್ಕಿನ ಎಂಟ್ರಿ ಬೇರೆ. ಬೆಳಗ್ಗೆ ಐದೂವರೆಗೆ ಹೋಟೆಲ್ ಬಾಗಿಲಿಗೆ ವ್ಯಾನ್ ಬರುತ್ತೆ, ಹೀಟರ್ ಇರುತ್ತೆ, ಬಿಸಿ ನೀರು, ಕಾಫಿ ಪುಡಿ, ಬಿಸ್ಕತ್ತು, ಟ್ರೈಪಾಡ್ ಮೇಲೆ ನಿಲ್ಸೋ ದೊಡ್ಡ ಸ್ಪಾಟಿಂಗ್ ಸ್ಕೋಪು, ಇವೆಲ್ಲ ಅವ್ರದ್ದೇ.

ಈಗ ಎಲ್ರೂ ಕೇಳೋ ಪ್ರಶ್ನೆ, ಇಷ್ಟು ದುಡ್ಡು ಯಾಕೆ ಕೊಡ್ಬೇಕು ಮಾರಾಯಾ, ರಸ್ತೆ ಸರ್ಕಾರದ್ದು, ನಮ್ ಕಾರಲ್ಲೇ ಹೋದ್ರಾಯ್ತಲ್ಲ ಅಂತ. ನ್ಯಾಯವಾದ ಪ್ರಶ್ನೆನೇ. ಚಳಿಗಾಲದಲ್ಲಿ ಯೆಲ್ಲೋಸ್ಟೋನಲ್ಲಿ ಮಾಮೂಲಿ ಕಾರುಗಳಿಗೆ ತೆರೆದಿರೋದು ಒಂದೇ ರಸ್ತೆ, ಗಾರ್ಡಿನರ್‌ನಿಂದ ಮ್ಯಾಮತ್, ಟವರ್ ಜಂಕ್ಷನ್ ಮೇಲೆ ಲಮಾರ್ ಕಣಿವೆ ದಾಟಿ ಕುಕ್ ಸಿಟಿವರೆಗೆ, ಮತ್ತೆ ಪುಣ್ಯಕ್ಕೆ ತೋಳ ಕಾಣೋ ರಸ್ತೇನೂ ಅದೇನೇ. ಒಂದು ಕಾರಿಗೆ 35 ಡಾಲರ್ ಕೊಟ್ರೆ ಏಳು ದಿನ ಓಡಾಡ್ಬೋದು (ಹೊರದೇಶದಿಂದ ಬಂದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಮಾತ್ರ ಪಾರ್ಕಿನ ವೆಬ್‌ಸೈಟಲ್ಲಿ ಈಗಿನ ಫೀಸ್ ಏನು ಅಂತ ನೋಡ್ಕೊಂಡೇ ಹೋಗಿ). ರಸ್ತೆ ಪಕ್ಕದಲ್ಲಿ ನಾಲ್ಕೈದು ಕಾರು ನಿಂತು ಜನ ಟ್ರೈಪಾಡ್ ಇಟ್ಕೊಂಡು ಒಂದೇ ದಿಕ್ಕಿಗೆ ನೋಡ್ತಿದಾರೆ ಅಂದ್ರೆ ಅಲ್ಲಿ ತೋಳ ಇದೆ ಅಂತ ಅರ್ಥ, ನೀವೂ ಹೋಗಿ ನಿಂತ್ಕೊಂಡ್ರೆ ಯಾರಾದ್ರೂ ಒಬ್ರು ಸ್ಕೋಪಲ್ಲಿ ತೋರಿಸ್ತಾರೆ, ಅಷ್ಟು ಒಳ್ಳೆ ಜನ. ಸೋ ಬರೀ ತೋಳ ನೋಡ್ಬೇಕು, ಫೋಟೋ ಹಾಕ್ಬೇಕು ಅಂದ್ರೆ ಗೈಡ್ ಬೇಕಿಲ್ಲ, ದುಡ್ಡು ಉಳ್ಸಿ.

ಆದ್ರೆ ಹಾಗೆ ನೋಡಿದ್ರೆ ಕಾಣೋದು ಏನು ಗೊತ್ತಾ? ಎರಡು ಕಿಲೋಮೀಟರ್ ದೂರದ ಹಿಮದ ಇಳಿಜಾರಲ್ಲಿ ಏಳು ಚುಕ್ಕಿ. ಕೆಲವು ಕಪ್ಪು, ಕೆಲವು ಬೂದಿ ಬಣ್ಣ. ಮಲಗಿರ್ತವೆ. ಗಂಟೆಗಟ್ಲೆ ಮಲಗಿರ್ತವೆ. ಅದ್ರಲ್ಲಿ ಯಾವುದು ಯಾರು, ಯಾಕೆ ಅಲ್ಲೇ ಮಲಗಿವೆ, ಒಂದು ಎದ್ದು ಹತ್ತು ಹೆಜ್ಜೆ ಹಾಕಿ ಮತ್ತೆ ಮಲಗಿದ್ರೆ ಅದಕ್ಕೇನು ಅರ್ಥ, ಇದ್ಯಾವುದೂ ನಮಗೆ ತಿಳಿಯಲ್ಲ. ನಾವು ದುಡ್ಡು ಕೊಟ್ಟಿದ್ದು ಅದನ್ನ ಓದಿ ಹೇಳೋರಿಗೆ.

ನಮ್ ಗೈಡ್ ಒಬ್ರು ಹೆಂಗಸು, ಅರವತ್ತರ ಹತ್ರ ವಯಸ್ಸು, ಮಾತು ಕಮ್ಮಿ, ಮೊದಮೊದ್ಲು ಸ್ವಲ್ಪ ಸಿಡುಕು ಅನ್ನಿಸ್ತು. ಸ್ಲೂ ಕ್ರೀಕ್ ಹತ್ರ ವ್ಯಾನ್ ನಿಲ್ಸಿದಾಗ ಇನ್ನೂ ಪೂರ್ತಿ ಬೆಳಕಾಗಿರ್ಲಿಲ್ಲ. ಈ ಭಾಗ ಜಂಕ್ಷನ್ ಬ್ಯೂಟ್ ಅನ್ನೋ ಗುಂಪಿನ ಏರಿಯಾ, ಆದ್ರೆ ಫೆಬ್ರವರಿ ಅಂದ್ರೆ ತೋಳಗಳು ಬೆದೆಗೆ ಬರೋ ಕಾಲ, ಅಕ್ಕಪಕ್ಕದ ಗುಂಪಿನೋರು ಗಡಿ ದಾಟಿ ಬರ್ತಾರೆ, ಒಂಟಿ ಗಂಡುಗಳು ಹೆಣ್ಣು ಹುಡುಕ್ಕೊಂಡು ಅಲೀತಾವೆ, ಅದಕ್ಕೇ ಈಗ ಕಿವಿ ತೆರ್ಕೊಂಡಿರಿ ಅಂದ್ರು. ಮಾವನೋರು ಆಗ್ಲೇ ಮಂಕಿ ಕ್ಯಾಪ್ ಮೇಲೆ ಶಾಲು ಸುತ್ಕೊಂಡು ನಿಂತಿದ್ರು, ಕಣ್ಣು ಮಾತ್ರ ಕಾಣ್ತಿತ್ತು.

ಬೆಳಕಾದ ಸ್ವಲ್ಪ ಹೊತ್ತಿಗೆ ಪಶ್ಚಿಮದ ಕಡೆಯಿಂದ ಊಳು ಕೇಳಿಸ್ತು. ತುಂಬಾ ದೂರ. ಒಂದು ದನಿ ಶುರುವಾಯ್ತು, ಅದರ ಮೇಲೆ ಇನ್ನೊಂದು, ಆಮೇಲೆ ಎಲ್ಲ ಸೇರ್ಕೊಂಡು ಗದ್ದಲ. ನಂಗೆ ಇಪ್ಪತ್ತಾದ್ರೂ ಇರ್ಬೇಕು ಅನ್ನಿಸ್ತು, ಗೈಡ್ ನಕ್ಕು, ಲೆಕ್ಕ ಹಾಕ್ಬೇಡಿ, ಪ್ರತಿ ತೋಳ ಕೂಗ್ತಾ ಕೂಗ್ತಾ ಸ್ವರ ಏರಿಳಿಸ್ತಾನೇ ಇರುತ್ತೆ, ಮೂರ್ನಾಲ್ಕು ಇದ್ರೂ ಮನುಷ್ಯರ ಕಿವಿಗೆ ಡಬಲ್ ಕೇಳ್ಸುತ್ತೆ ಅಂದ್ರು. ಅಂದ್ರೆ ಊಳಿಡೋದ್ರಲ್ಲೇ ಒಂದು ಸಣ್ಣ ಮೋಸ ಇರ್ಬೋದು, ನಾವು ಎಷ್ಟು ಜನ ಇದೀವಿ ಅಂತ ನಿಮಗೆ ಗೊತ್ತಾಗ್ಬಾರ್ದು ಅನ್ನೋ ಥರ.

ಈಗ ನಮ್ಮೆದುರಿನ ಇಳಿಜಾರಲ್ಲಿ ಮಲಗಿದ್ದ ಆ ಏಳು ತೋಳಾನೂ ಎದ್ದು ನಿಂತಿದ್ವು. ಇಲ್ಲಿಂದ ಮುಂದಿನ ಒಂದೊಂದು ನಿಮಿಷಾನೂ ಗೈಡ್ ಮೆಲ್ಲಗೆ ಹೇಳ್ತಾ ಹೋದ್ರು, ನಾವು ಸರದಿ ಮೇಲೆ ಸ್ಕೋಪಿಗೆ ಕಣ್ಣಿಟ್ವಿ. ಬಾಲ ನೋಡಿ, ಅಂದ್ರು. ಎರಡು ಕಪ್ಪು ಬೆಳೆದ ಮರಿಗಳು, ವರ್ಷದ ಮೇಲಿನ ಹುಡುಗ ಹುಡುಗಿ ಅಂತಿಟ್ಕೊಳ್ಳಿ, ಬಾಲ ಎತ್ಕೊಂಡು ಊಳು ಬಂದ ದಿಕ್ಕಿಗೆ ನೂರು ಮೀಟರ್ ಓಡಿದ್ವು, ಟಕ್ ಅಂತ ನಿಂತು ಹಿಂದೆ ತಿರುಗಿ ನೋಡಿದ್ವು. ಹಿಂದೆ ಇದ್ದೋರು ಬರ್ತಿದಾರಾ ಅಂತ. ಯಾರೂ ಬರ್ತಿರ್ಲಿಲ್ಲ. ಗುಂಪಿನ ಮಧ್ಯೆ ಒಂದು ಮುದಿ ಹೆಣ್ಣು, ಬೂದಿ ಬಣ್ಣ ಬಿಳಿಗೆ ತಿರುಗಿದೆ, ಮುಖ ಪೂರ್ತಿ ಬೆಳ್ಳಗೆ, ಅದು ಗಾಳಿಗೆ ಮೂಗು ಎತ್ಕೊಂಡು ನಿಂತಿತ್ತು ಅಷ್ಟೇ. ಅದರ ಪಕ್ಕ ಒಂದು ದೊಡ್ಡ ಗಂಡು, ಬಾಲ ನೆಲಕ್ಕೆ ಸಮವಾಗಿ ಚಾಚ್ಕೊಂಡು, ಬೆನ್ನಿನ ಕೂದಲು ನೆಟ್ಟಗೆ. ಹುಡುಗರಿಬ್ರು ಹಿಂದೆ ಓಡಿ ಬಂದು ಆ ಮುದುಕಿ ಬಾಯಿ ಮೂಸಿದ್ವು, ಎಲ್ಲಾ ಸೇರಿ ಒಂದೇ ಕಡೆ ಗುಂಪಾದ್ವು, ಮೈಗೆ ಮೈ ತಾಗಿಸ್ಕೊಂಡು ಬಾಲ ಆಡಿಸ್ಕೊಂಡು. ಈಗ ವಾಪಸ್ ಕೂಗ್ತಾವೆ ಅಂತ ನಾವು ಉಸಿರು ಹಿಡ್ಕೊಂಡು ಕಾದ್ವಿ.

ಕೂಗ್ಲಿಲ್ಲ. ಒಂದು ದನೀನೂ ಇಲ್ಲ.

ಗೈಡ್‌ಗೆ ಅದೇ ದೊಡ್ಡ ಸುದ್ದಿ. ಊಳಿಗೆ ಊಳು ಕೊಡೋದು ಅಂದ್ರೆ ನಾವಿಲ್ಲೇ ಇದೀವಿ, ಈ ಜಾಗ ಬಿಡಲ್ಲ ಅಂತ ಸಾರಿದ ಹಾಗೆ, ಸುಮ್ಮನಿರೋದು ಅಂದ್ರೆ ವಿಳಾಸ ಕೊಡದೆ ಇರೋದು. ಮಿನ್ನೆಸೋಟಾದಲ್ಲಿ ಹ್ಯಾರಿಂಗ್ಟನ್ ಮತ್ತೆ ಮೀಚ್ ಅಂತ ಇಬ್ಬರು ಸಂಶೋಧಕರು 1970ರ ದಶಕದಲ್ಲಿ ತಾವೇ ತೋಳದ ಥರ ಕೂಗಿ ಕಾಡಿನ ಗುಂಪುಗಳು ಏನು ಮಾಡ್ತವೆ ಅಂತ ನೋಡಿದ್ರಂತೆ, ದೊಡ್ಡ ಗುಂಪು ಇದ್ರೆ, ಹೊಸದಾಗಿ ಬೇಟೆ ಹೊಡೆದು ಮಾಂಸದ ಹತ್ರ ಕೂತಿದ್ರೆ ಉತ್ತರ ಕೊಡೋದು ಜಾಸ್ತಿ, ಕಳ್ಕೊಳ್ಳೋಕೆ ಏನೂ ಇಲ್ಲ ಅಂದ್ರೆ ಸುಮ್ನೆ ಇರೋದೂ ಉಂಟು, ಎದ್ದು ಹೋಗೋದೂ ಉಂಟು. (ನೀವು ಮಾತ್ರ ಪಾರ್ಕಲ್ಲಿ ಇದನ್ನ ಟ್ರೈ ಮಾಡ್ಬೇಡಿ, ತೋಳದ ಥರ ಊಳಿಡೋದು ಯೆಲ್ಲೋಸ್ಟೋನಲ್ಲಿ ಕಾನೂನು ಪ್ರಕಾರ ತಪ್ಪು. ಪಕ್ಕದಲ್ಲಿ ಗಾಡಿ ನಿಲ್ಸೋ ಪುಲ್‌ಔಟಲ್ಲಿ ಒಬ್ಬ ಶುರು ಮಾಡಿದ, ಗೈಡ್ ಒಂದು ಲುಕ್ ಕೊಟ್ರು, ಅಲ್ಲಿಗೆ ನಿಂತೋಯ್ತು.)

ಅರ್ಧ ಗಂಟೆ ಆದ್ಮೇಲೆ ಗುಡ್ಡದ ಏಣಿನ ಮೇಲೆ ಆ ಕಡೆಯವ್ರು ಕಾಣಿಸ್ಕೊಂಡ್ರು. ಸಾಲಾಗಿ, ಆಕಾಶದ ಎದುರಿಗೆ ಕಪ್ಪಗೆ. ಹನ್ನೊಂದು. ಮುಂದಿದ್ದವು ಬಾಲ ಬಾವುಟದ ಥರ ಎತ್ಕೊಂಡಿದ್ವು. ನಮ್ಮ ಕಡೆಯವು ಒಂದ್ಸಲ ನೋಡಿದ್ವು. ಆ ಮುದಿ ಹೆಣ್ಣು ತಿರುಗ್ತು, ಓಡ್ಲಿಲ್ಲ, ನಡೀತು, ಪೂರ್ವಕ್ಕೆ, ಹಳ್ಳದ ಕಡೆಗೆ. ಉಳಿದವು ಅದರ ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡು ಒಂದರ ಹಿಂದೆ ಒಂದು. ದೊಡ್ಡ ಗಂಡು ಕೊನೇಲಿ, ಆಗಾಗ ನಿಂತು ಹಿಂದೆ ನೋಡ್ತಾ. ಹನ್ನೊಂದರ ಗುಂಪು ಇಳ್ಕೊಂಡು ಬಂದು ಇವು ಮಲಗಿದ್ದ ಜಾಗಕ್ಕೆ ಬಂತು, ಪ್ರತಿ ಗುಳೀನೂ ಮೂಸಿದ್ವು, ಉಚ್ಚೆ ಹೊಯ್ದು ಹಿಂಗಾಲಲ್ಲಿ ಹಿಮ ಕೆರೆದ್ವು, ಆಮೇಲೆ ಅಲ್ಲೇ ನಿಂತು ಜೋರಾಗಿ ಕೂಗಿದ್ವು. ಮುಗೀತು. ಎರಡು ಗುಂಪಿನ ಮಧ್ಯೆ ಒಂದು ಕಿಲೋಮೀಟರಿಗಿಂತ ಕಮ್ಮಿ ಅಂತರ ಆಗ್ಲೇ ಇಲ್ಲ.

ಪಕ್ಕದಲ್ಲಿದ್ದ ಒಬ್ರು ಛೇ, ಫೈಟ್ ಆಗ್ಲೇ ಇಲ್ಲ ಅಂತ ಕ್ಯಾಮೆರಾ ಮಡಚಿದ್ರು. ಈ ಥರ ಜನ ಎಲ್ಲಾ ಕಡೆ ಇರ್ತಾರೆ. ಏಳು ಪ್ರಾಣಿ ಸೇರಿ ಈವತ್ತು ಬೇಡ ಅಂತ ನಿರ್ಧಾರ ಮಾಡಿದ್ದನ್ನ ಕಣ್ಣಾರೆ ನೋಡಿ, ಏನೂ ಆಗ್ಲಿಲ್ಲ ಅಂತಾರಲ್ಲ.

ಮಾವನೋರು ಮಾತ್ರ ಫುಲ್ ಖುಷಿ. "ನೋಡ್ರಿ ಅಳಿಯಂದ್ರ, ನಮ್ಮೂರಾಗ ಎರಡು ಓಣಿ ಮಂದಿ ಜಗಳಕ್ಕ ನಿಂತಾಗ ಹಿಂಗಽ ಆಕ್ಕೈತಿ. ಹುಡುಗ್ರು ಮುಂದ ಹಾರ್ತಾವು, ಹಿರೇ ಮನಶಾ ಒಬ್ಬಾಂವ ಹಿಂದ ನಿಂತು ಆ ಕಡಿ ಎಷ್ಟು ಮಂದಿ ಅದಾರ ನೋಡತಾನ, ಆಮ್ಯಾಲ ನಡೀರಿ ಮನೀಗೆ ಅಂತಾನ." ಇದನ್ನ ನಾನು ಇಂಗ್ಲಿಷಲ್ಲಿ ಹೇಳಿದ್ದಕ್ಕೆ ಗೈಡ್‌ಗೆ ಎಷ್ಟು ಇಷ್ಟ ಆಯ್ತು ಅಂದ್ರೆ, ಅಲ್ಲಿಂದ ಅವ್ರ ಸಿಡುಕು ಹೋಯ್ತು, ವ್ಯಾನಲ್ಲಿ ಮಾತು ಶುರುವಾಯ್ತು, ನನ್ ಲೆಕ್ಕದಲ್ಲಿ ಟೂರಿನ ನಿಜವಾದ ಮಾಲು ಅದೇ.

ಯೆಲ್ಲೋಸ್ಟೋನಿಗೆ ತೋಳ ವಾಪಸ್ ತಂದು ಬಿಟ್ಟಿದ್ದು 1995 ಮತ್ತೆ 1996ರಲ್ಲಿ, ಕೆನಡಾದಿಂದ, ಒಟ್ಟು 31. ಈಗ ಪಾರ್ಕಲ್ಲಿ ನೂರರ ಆಸುಪಾಸು ತೋಳ, ಹತ್ತರ ಆಸುಪಾಸು ಗುಂಪು. ಮೊದಲ ದಿನದಿಂದ್ಲೇ ರೇಡಿಯೋ ಕಾಲರ್ ಹಾಕಿ ನೋಡ್ತಾ ಬಂದಿರೋದ್ರಿಂದ ಗುಂಪುಗುಂಪಿನ ಜಗಳದ ಲೆಕ್ಕ ಇಲ್ಲಿ ಸಿಕ್ಕಷ್ಟು ಬೇರೆ ಕಡೆ ಸಿಗೋದು ಕಷ್ಟ. ಕೀರಾ ಕ್ಯಾಸಿಡಿ ಅನ್ನೋ ಸಂಶೋಧಕಿ ಮತ್ತೆ ಅವ್ರ ಜೊತೆಗಾರರು 1995ರಿಂದ 2011ರವರೆಗಿನ 121 ಘರ್ಷಣೆ ತಗೊಂಡು ಯಾರು ಗೆದ್ರು, ಯಾಕೆ ಗೆದ್ರು ಅಂತ ನೋಡಿದಾರೆ. ತಲೆ ಲೆಕ್ಕ ಮುಖ್ಯ, ಎದುರಾಳಿಗಿಂತ ಒಂದು ತೋಳ ಜಾಸ್ತಿ ಇದ್ರೂ ಗೆಲ್ಲೋ ಛಾನ್ಸ್ ಏರುತ್ತೆ, ಇದು ಯಾರಾದ್ರೂ ಊಹಿಸ್ಬೋದು. ದೊಡ್ಡ ಗಂಡುಗಳು ಜಾಸ್ತಿ ಇದ್ರೆ ಅದೂ ಲಾಭ, ಇದೂ ಊಹಿಸ್ಬೋದು. ಆದ್ರೆ ಆರು ವರ್ಷ ದಾಟಿದ ಮುದಿ ತೋಳ ಗುಂಪಲ್ಲಿ ಇದ್ರೆ ಅದೂ ಗೆಲುವಿನ ಕಡೆ ತೂಕ ಹಾಕುತ್ತೆ, ತಲೆ ಲೆಕ್ಕಕ್ಕೆ ಏನೂ ಕಡಿಮೆ ಇಲ್ಲದಷ್ಟು. ಈ ಪಾರ್ಕಲ್ಲಿ ಸಾಮಾನ್ಯವಾಗಿ ತೋಳ ಬದುಕೋದೇ ನಾಲ್ಕೈದು ವರ್ಷ, ಆರು ದಾಟಿದ್ದು ಅಂದ್ರೆ ಅಜ್ಜ ಅಜ್ಜಿ. ಮೈಯಲ್ಲಿ ಶಕ್ತಿ ಇಳಿದಿರುತ್ತೆ, ಹಲ್ಲು ಸವೆದಿರುತ್ತೆ, ಬೇಟೇಲೂ ಹಿಂದೆ ಬೀಳುತ್ತೆ. ಹಾಗಿದ್ದೂ ಯಾಕೆ? ಎಷ್ಟೋ ಜಗಳ ನೋಡಿರುತ್ತೆ, ಯಾವುದಕ್ಕೆ ಹೋಗ್ಬೇಕು ಯಾವುದಕ್ಕೆ ಹೋಗ್ಬಾರ್ದು ಅಂತ ಗೊತ್ತಿರುತ್ತೆ ಅನ್ನೋದು ಅವ್ರ ಊಹೆ. ಸೋಲೋ ಜಗಳಕ್ಕೆ ಹೋಗ್ದೇ ಇದ್ರೆ ಲೆಕ್ಕದ ಪುಸ್ತಕದಲ್ಲಿ ಸೋಲೂ ಕಮ್ಮಿ ಆಗುತ್ತಲ್ಲ. ಬೆಳಗ್ಗೆ ನಾವು ನೋಡಿದ ಬೆಳ್ಳನೆ ಮುಖದ ಮುದುಕಿ ಬಗ್ಗೆ ನಂಗೆ ಗೌರವ ಬಂದಿದ್ದು ಇದನ್ನ ಕೇಳಿದ್ಮೇಲೆ.

ತಪ್ಪು ಲೆಕ್ಕಕ್ಕೆ ಇಲ್ಲಿ ಬೆಲೆ ಜಾಸ್ತಿ. ಪಾರ್ಕಿನ ಒಳಗೆ ದೊಡ್ಡ ತೋಳಗಳ ಸಹಜ ಸಾವಿಗೆ ಮೊದಲ ಕಾರಣ ಹಸಿವಲ್ಲ, ಕಾಡೆಮ್ಮೆ (ಬೈಸನ್) ಒದೆಯಲ್ಲ, ಬೇರೆ ಗುಂಪಿನ ತೋಳಗಳೇ. ಗಡಿ ಹತ್ರ ಹೋಗೋದೇ ಅಪಾಯ. ಮೀಚ್ ಅವ್ರೇ 1977ರಲ್ಲಿ ಮಿನ್ನೆಸೋಟಾ ಬಗ್ಗೆ ಬರೆದಿದ್ರಂತೆ, ಎರಡು ಗುಂಪಿನ ಗಡಿ ಮಧ್ಯದ ಪಟ್ಟಿಯಲ್ಲಿ ಎರಡೂ ಕಡೆಯವು ಹೆಚ್ಚು ಹೊತ್ತು ನಿಲ್ಲೋಕೆ ಹೆದರ್ತವೆ, ಅದಕ್ಕೇ ಜಿಂಕೆಗಳು ಆ ಪಟ್ಟಿಯಲ್ಲೇ ಜಾಸ್ತಿ ಉಳ್ಕೊಳ್ತವೆ ಅಂತ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ.

ಲಮಾರ್ ಕಣಿವೆ ಇತಿಹಾಸಾನೂ ಇದೇ ಥರ. 1996ರ ವಸಂತದಲ್ಲಿ ಆಗಷ್ಟೇ ತಂದು ಬಿಟ್ಟಿದ್ದ ಡ್ರೂಯಿಡ್ ಗುಂಪು, ಅಲ್ಲಿ ಮೊದ್ಲೇ ನೆಲೆಸಿದ್ದ ಕ್ರಿಸ್ಟಲ್ ಕ್ರೀಕ್ ಗುಂಪಿನ ಮೇಲೆ ಬಿದ್ದು ಅದರ ಮುಖ್ಯ ಗಂಡನ್ನ ಕೊಂದು ಕಣಿವೆ ಹಿಡೀತು. ಸೋತವರು ದಕ್ಷಿಣಕ್ಕೆ ಪೆಲಿಕನ್ ಕಣಿವೆಗೆ ಹೋದ್ರು, ಅಲ್ಲಿ ಹಿಮ ಜಾಸ್ತಿ, ಬೇಟೆ ಕಷ್ಟ, ಕಾಡೆಮ್ಮೆ ಹೊಡೆಯೋದು ಕಲಿತ್ರು, ಮುಂದೆ ಅದೇ ಗುಂಪಿಗೆ ಮೋಲೀಸ್ ಅಂತ ಹೆಸರಾಯ್ತು. ಡ್ರೂಯಿಡ್ಸ್ 2001ರಲ್ಲಿ 37 ತೋಳದವರೆಗೆ ಬೆಳೆದು, 2010ರ ಹೊತ್ತಿಗೆ ಮುಗಿದೇ ಹೋಯ್ತು. ಅದಾದ್ಮೇಲೆ 2011-12ರ ಚಳಿಗಾಲದಲ್ಲಿ ಮೋಲೀಸ್ ಗುಂಪು ಉತ್ತರಕ್ಕೆ ನುಗ್ಗಿ ಅಲ್ಲಿದ್ದವರನ್ನೆಲ್ಲ ನಡುಗಿಸ್ತು. ಹದಿನೈದು ವರ್ಷದ ಮೇಲೆ ಮೊಮ್ಮಕ್ಕಳು ಅಜ್ಜನ ಆಸ್ತಿಗೆ ಬಂದ್ರು ಅಂತ ಗೈಡ್ ಕಥೆ ಹೇಳೋ ರೀತೀನೇ ಬೇರೆ. ಸೇಡು ಗೀಡು ತೋಳಕ್ಕೆ ಏನೂ ಗೊತ್ತಿರಲ್ಲ, ಅದನ್ನ ನಂಬೋದು ಬೇಡ, ಆದ್ರೆ ಕೇಳೋಕೆ ಮಸ್ತಾಗಿತ್ತು. ಇದೇ ನನ್ ಒಂದು ಸಣ್ಣ ಕಂಪ್ಲೇಂಟು, ಗೈಡ್‌ಗಳಿಗೆ ಹೀರೋ ಕಥೆ ಅಂದ್ರೆ ಪ್ರಾಣ. 21 ನಂಬರ್ ಅನ್ನೋ ಡ್ರೂಯಿಡ್ ಗಂಡಿನ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಆಯ್ತು, ಅದು ಯಾವತ್ತೂ ಜಗಳದಲ್ಲಿ ಸೋಲ್ಲಿಲ್ವಂತೆ, ಸೋತವರನ್ನ ಕೊಲ್ಲಲೂ ಇಲ್ವಂತೆ. ಹೇಳಿರೋದು ರಿಕ್ ಮೆಕಿಂಟೈರ್, ಹದಿನೈದು ವರ್ಷ ಒಂದು ದಿನಾನೂ ಬಿಡದೆ ಇದೇ ರಸ್ತೇಲಿ ತೋಳ ನೋಡಿದ ಮನುಷ್ಯ, ಅವರ ಮಾತನ್ನ ನಾನ್ಯಾರು ಅಲ್ಲಗಳೆಯೋಕೆ. ಆದ್ರೂ ಎಲ್ಲಾ ತೋಳ ಹಾಗಿರಲ್ಲ, ಕೈಗೆ ಸಿಕ್ಕಿದ ಒಂಟಿಯನ್ನ ಐದಾರು ಸೇರಿ ಮುಗಿಸೋದೇ ಇಲ್ಲಿ ಮಾಮೂಲು.

ಒಂದು ಗುಂಪಿನ ಒಬ್ಬರನ್ನ ಎದುರಾಳಿಗಳು ನೆಲಕ್ಕೆ ಕೆಡವಿದಾಗ ಜೊತೆಗಾರ ಒಬ್ಬ ಓಡಿ ಬಂದು ಮಧ್ಯೆ ನುಗ್ಗಿ, ಅವರನ್ನ ತನ್ನ ಹಿಂದೆ ಓಡ್ಸ್ಕೊಂಡು ಹೋಗಿ ಬಿಡ್ಸಿದ್ದೂ ಇಲ್ಲಿ ದಾಖಲಾಗಿದೆ. ಗಂಡುಗಳೇ ಇಂಥದಕ್ಕೆ ಮುಂದೆ ನುಗ್ಗೋದು ಜಾಸ್ತಿ, ಅದರಲ್ಲೂ ಬೂದಿ ಬಣ್ಣದ್ದು ಕಪ್ಪಿಗಿಂತ ಹೆಚ್ಚು ಜಗಳಗಂಟಿ ಅಂತೆ. ಇನ್ನೊಂದು ವಿಚಿತ್ರ ಕೇಳಿ, ಬೆಟ್ಟದ ಸಿಂಹ ಅಂತಾರಲ್ಲ ಕೂಗರ್, ಅದು ಓಡಾಡೋ ಕಡೆ ಇರೋ ತೋಳಗಳಿಗೆ ಟೊಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿ ಹತ್ತೋದು ಜಾಸ್ತಿ, ಹತ್ತಿದ ತೋಳ ಗುಂಪಿನ ಲೀಡರ್ ಆಗೋ ಸಾಧ್ಯತೆ ಹತ್ತದೇ ಇರೋದಕ್ಕಿಂತ 46 ಪಟ್ಟು ಅಂತ 2022ರಲ್ಲಿ ಬಂದ ಅಧ್ಯಯನ. ಅಂದ್ರೆ ಯುದ್ಧ ಮಾಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಯಜಮಾನನ ತಲೇಲಿ ಹುಳ ಕೂತಿರ್ಬೋದು. ನನ್ ಹೆಂಡ್ತಿ ತಕ್ಷಣ ತನ್ನ ಮ್ಯಾನೇಜರ್ ಹೆಸ್ರು ಹೇಳಿದ್ಲು, ಅದು ಇಲ್ಲಿ ಬೇಡ.

ಬೇರೆ ಪ್ರಾಣಿಗಳದ್ದೂ ಬಂತು ಮಾತು. ಉಗಾಂಡಾದ ಕಿಬಾಲೆ ಕಾಡಲ್ಲಿ ಕಾನ್ಯವಾರಾ ಅನ್ನೋ ಕಡೆ ಚಿಂಪಾಂಜಿಗಳಿಗೆ ಸ್ಪೀಕರಲ್ಲಿ ಒಂದು ಅಪರಿಚಿತ ಗಂಡಿನ ಕೂಗು ಕೇಳ್ಸಿ ನೋಡಿದ್ರಂತೆ, ಫಲಿತಾಂಶ 2001ರಲ್ಲಿ ಬಂತು. ಜೊತೆಗೆ ಮೂರು ಅಥವಾ ಹೆಚ್ಚು ಗಂಡು ಇದ್ರೆ ಎಲ್ಲಾ ಸೇರಿ ಅರಚ್ಕೊಂಡು ಸ್ಪೀಕರ್ ಕಡೆ ನುಗ್ಗೋದು, ಕಮ್ಮಿ ಇದ್ರೆ ಬಾಯಿ ಮುಚ್ಕೊಂಡು ಇರೋದು. ಬೆಳಗ್ಗೆ ನಮ್ ಏಳು ಮಾಡಿದ್ದೂ ಅದೇ ತಾನೇ. ಅದೇ ಕಾಡಿನ ಇನ್ನೊಂದು ಕಡೆ, ಎನ್‌ಗೋಗೋದಲ್ಲಿ, ದೊಡ್ಡ ಚಿಂಪಾಂಜಿ ಗುಂಪೊಂದು ಹತ್ತು ವರ್ಷ ಪಕ್ಕದವರ ಮೇಲೆ ದಾಳಿ ಮಾಡಿ ಮಾಡಿ, 2009ರಲ್ಲಿ ತನ್ನ ಜಾಗಾನ 22 ಪರ್ಸೆಂಟ್ ದೊಡ್ಡದು ಮಾಡ್ಕೊಂಡಿತ್ತು. ಸೆರೆಂಗೆಟಿಯ ಸಿಂಹಿಣಿಗಳೂ ಗರ್ಜನೆ ಎಣಿಸ್ತವೆ, ಒಂದೇ ಗರ್ಜನೆ ಕೇಳ್ಸಿದ್ರೆ ಹೋಗ್ತವೆ, ಮೂರು ಕೇಳ್ಸಿದ್ರೆ ತಮ್ಮ ಕಡೆ ಎಷ್ಟು ಜನ ಅಂತ ನೋಡ್ಕೊಂಡು ತಡವಾಗಿ ಹೆಜ್ಜೆ ಇಡ್ತವೆ ಅಥವಾ ಹೋಗೋದೇ ಇಲ್ಲ. ಅದರಲ್ಲೂ ಕೆಲವು ಸಿಂಹಿಣಿ ಯಾವಾಗ್ಲೂ ಮುಂದೆ, ಕೆಲವು ಯಾವಾಗ್ಲೂ ಹಿಂದೆ ಹಿಂದೆ, ಹಿಂದೆ ಬಿದ್ದವನ್ನ ಯಾರೂ ಶಿಕ್ಷೆ ಮಾಡಲ್ಲ. ಆಫೀಸ್ ಗ್ರೂಪ್ ಪ್ರಾಜೆಕ್ಟ್ ಮಾಡಿದ ಎಲ್ರಿಗೂ ಈ ಜಾತಿ ಪರಿಚಯ.

ಆದ್ರೆ ಬರೀ ತಲೆ ಎಣಿಸೋದು ಅಂತ ತಿಳ್ಕೋಬೇಡಿ, ಗೈಡ್ ಇದನ್ನ ಒತ್ತಿ ಹೇಳಿದ್ರು. ಏಪ್ರಿಲ್ ಮೇಲೆ ಗವಿಯಲ್ಲಿ ಮರಿ ಇದ್ದಾಗ ಇದೇ ಏಳು ಹನ್ನೊಂದರ ಎದುರು ನಿಂತ್ರೂ ನಿಂತ್ವು, ಮರಿಯನ್ನ ಎತ್ಕೊಂಡು ಓಡೋಕಾಗಲ್ಲ, ಬಿಟ್ಟು ಹೋದ್ರೆ ಆ ವರ್ಷದ್ದು ಮುಗೀತು. ಫೆಬ್ರವರೀಲಿ ಕಳ್ಕೊಳ್ಳೋಕೆ ಇದ್ದಿದ್ದು ಮಲಗೋ ಜಾಗ ಅಷ್ಟೇ. ಜೊತೆಗೆ ಮನುಷ್ಯರ ಕೈವಾಡ. 2021-22ರ ಚಳಿಗಾಲದಲ್ಲಿ ಪಾರ್ಕಿನ ಗಡಿ ದಾಟಿ ಹೋದ 25 ಯೆಲ್ಲೋಸ್ಟೋನ್ ತೋಳಗಳನ್ನ ಬೇಟೆಯಾಡಿ ಕೊಂದ್ರು, ತೋಳ ವಾಪಸ್ ತಂದ್ಮೇಲೆ ಒಂದು ಸೀಸನ್ನಲ್ಲಿ ಅಷ್ಟು ಹಿಂದೆ ಆಗಿರ್ಲಿಲ್ಲ. ಲೀಡರ್ ಸತ್ರೆ ಗುಂಪೇ ಚೆದುರಿ ಹೋಗೋ ಸಾಧ್ಯತೆ ಜಾಸ್ತಿ. ಮುದುಕಿ ಒಬ್ಬಳನ್ನ ಹೊಡೆದ್ರೆ ಲೆಕ್ಕದಲ್ಲಿ ಒಂದು ತೋಳ, ಗುಂಪಿಗೆ ಹೋಗೋದು ಅದಕ್ಕಿಂತ ಎಷ್ಟೋ ಜಾಸ್ತಿ.

ಮಾವನೋರು ಇದಕ್ಕೆ ಬಂಕಾಪುರದ ಮಾತು ತೆಗೆದ್ರು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆ ಅಂತಾನೇ ಮಾಡಿರೋ ಅಭಯಾರಣ್ಯ ಇದೆ, ಕುರುಚಲು ಗುಡ್ಡ, ಸುತ್ತ ಹೊಲ, ಕುರಿಗಾರರು. "ನಮ್ ಕಡಿ ತ್ವಾಳ ಹಿಂಗ ದಂಡು ಕಟ್ಟಂಗಿಲ್ರಿ, ಎರಡು, ಮೂರು, ಭಾಳ ಅಂದ್ರ ಐದಾರು. ಹೊಡೆದಾಡಾಕ ಪುರಸೊತ್ತ ಎಲ್ಲೈತಿ, ಕುರಿ ಕದಿಯೂದಽ ಕೆಲಸ." ಗೈಡ್ ಆ ತೋಳ ಬೇರೇನೇ ವಂಶ, ಸಣ್ಣದು, ತುಂಬಾ ಹಳೇದು, ಅದನ್ನ ನೋಡೋಕೆ ನಾನು ದುಡ್ಡು ಕೊಟ್ಟು ಬರ್ತೀನಿ ಅಂದ್ರು. ಮಾವನೋರ ಮುಖ ನೋಡ್ಬೇಕಿತ್ತು, ಇಲ್ಲಿ ನಾವು ಸಾವಿರ ಡಾಲರ್ ಸುರ್ದಿದೀವಿ, ಆಯಮ್ಮ ಗಂಗಾವತಿಗೆ ಬರ್ತಾರಂತೆ.

ಈಗ ತಕರಾರು. ಒಂದು, ಸ್ಕೋಪು. ಬುಕಿಂಗ್ ಟೈಮಲ್ಲಿ ಇಬ್ಬರಿಗೊಂದು ಅಂತ ಹೇಳಿದ್ರು, ಬಂದಿದ್ದು ನಾಲ್ಕು ಜನಕ್ಕೆ ಒಂದೇ, ಇನ್ನೊಂದು ರಿಪೇರಿಗೆ ಹೋಗಿದೆ ಅಂತೆ. ಮೇಲೆ ಬರ್ದಿದ್ದನ್ನೆಲ್ಲ ನಾನೇ ಪೂರ್ತಿ ನೋಡಿದೆ ಅಂದ್ಕೋಬೇಡಿ, ಗುಡ್ಡದ ಮೇಲೆ ಹನ್ನೊಂದು ಕಾಣಿಸ್ಕೊಂಡ ಮೊದಲ ಕ್ಷಣ ಹೆಂಡ್ತಿ ಫ್ರೆಂಡ್ ಪಾಲಿಗೆ ಹೋಯ್ತು, ಅವಳು ಅಯ್ಯೋ ಅಯ್ಯೋ ಅಂತಿದಾಳೆ, ನಾವು ಮೂರು ಜನ ಅವಳ ಬೆನ್ನು ನೋಡ್ಕೊಂಡು ನಿಂತಿದೀವಿ. ದುಡ್ಡು ವಾಪಸ್ ಕೇಳಿದ್ದಕ್ಕೆ ಮುಂದಿನ ಬುಕಿಂಗ್‌ಗೆ ಡಿಸ್ಕೌಂಟ್ ಕೂಪನ್ ಕಳ್ಸಿದ್ರು, ಯಾರಿಗೆ ಬೇಕು ಅದು. ಬುಕ್ ಮಾಡುವಾಗ ಸ್ಕೋಪ್ ಎಷ್ಟು ಅಂತ ಇಮೇಲಲ್ಲಿ ಬರ್ಸ್ಕೊಳ್ಳಿ.

ಎರಡು, ಊಟ. ವೆಜ್ ಅಂತ ಎರಡು ಸಲ ಬರ್ದಿದ್ವಿ, ಬಂದಿದ್ದು ಬ್ರೆಡ್ಡಿನ ಮಧ್ಯೆ ಸೌತೆಕಾಯಿ ಮತ್ತೆ ಚೀಸು, ಮೈನಸ್ 20ರ ಚಳಿಗೆ ಚೀಸ್ ಕಲ್ಲಾಗಿತ್ತು. ನನ್ ಹೆಂಡ್ತಿ ಚಪಾತಿ ಸುತ್ಕೊಂಡು ಶೇಂಗಾ ಚಟ್ನಿಪುಡಿ ಹಾಕ್ಕೊಂಡು ತಂದಿದ್ಲು, ಅದೇ ಕಾಪಾಡ್ತು, ಗೈಡೂ ಎರಡು ತಿಂದ್ರು, ಸ್ಯಾಂಡ್‌ವಿಚ್ ಹಾಗೇ ವಾಪಸ್ ಹೋಯ್ತು. ಮ್ಯಾಮತ್ ದಾಟಿದ್ಮೇಲೆ ಪಾರ್ಕಿನ ದಾರೀಲಿ ಅಂಗಡಿ ಗಿಂಗಡಿ ಚಳಿಗಾಲದಲ್ಲಿ ತೆರೆದಿರಲ್ಲ, ಊಟ ಕಟ್ಕೊಂಡೇ ಹೋಗಿ. ಟಾಯ್ಲೆಟ್ ಅಂದ್ರೆ ರಸ್ತೆ ಪಕ್ಕದ ಗುಂಡಿ ಟಾಯ್ಲೆಟ್, ಒಳಗೂ ಅಷ್ಟೇ ಚಳಿ, ವಯಸ್ಸಾದವರನ್ನ ಕರ್ಕೊಂಡು ಹೋಗೋರು ಯೋಚ್ನೆ ಮಾಡಿ.

ಇನ್ನೊಂದು, ರೇಡಿಯೋ. ಗೈಡ್‌ಗಳು ಒಬ್ಬರಿಗೊಬ್ಬರು ವಾಕಿಟಾಕಿಯಲ್ಲಿ ಎಲ್ಲಿ ಏನಿದೆ ಅಂತ ಹೇಳ್ಕೊಳ್ತಾರೆ, ಅದು ಒಳ್ಳೇದೇ, ಆದ್ರೆ ಮಧ್ಯಾಹ್ನ ಪೂರ್ತಿ ಆ ಕರಕರ ಸದ್ದು, ಅಲ್ಲಿ ಕರಡಿ ಇಲ್ಲಿ ನರಿ ಅಂತ ಓಡೋಕೆ ಶುರು ಮಾಡಿದ್ರು, ಬೆಳಗಿನ ತಾಳ್ಮೆ ಎಲ್ಲೋಯ್ತೋ. ನಾವೇ ಹೇಳಿ ಒಂದೇ ಜಾಗದಲ್ಲಿ ನಿಲ್ಲಿಸ್ಕೊಂಡ್ವಿ, ಕೇಳಿದ್ರೆ ಬೇಡ ಅನ್ನಲ್ಲ, ಅದು ಪ್ಲಸ್. ಕಾನೂನು ಮಾತ್ರ ಕಟ್ಟುನಿಟ್ಟು, ತೋಳ ಕರಡಿ ಇದ್ರೆ ನೂರು ಗಜ ದೂರ, ಅಂದ್ರೆ ಸುಮಾರು 91 ಮೀಟರ್, ಒಂದ್ಸಲ ಒಂಟಿ ತೋಳ ರಸ್ತೆ ದಾಟೋಕೆ ಬಂದಾಗ ವ್ಯಾನ್ ಹಿಂದೆ ತಗೊಂಡು ದಾರಿ ಬಿಟ್ರು, ಹಿಂದಿನ ಕಾರಿನವನು ಹಾರ್ನ್ ಹೊಡೆದ್ರೂ ಜಗ್ಗಲಿಲ್ಲ.

ಯಾರಿಗೆ ಹೇಳಿ ಮಾಡ್ಸಿದ್ದು: ಗಂಟೆಗಟ್ಲೆ ಸುಮ್ನೆ ನಿಂತು ನೋಡೋ ಅಭ್ಯಾಸ ಇರೋರಿಗೆ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬೇಡ, ಜೂನಲ್ಲಿ ಸ್ವಂತ ಕಾರಲ್ಲಿ ಬಂದು ಕಾಡೆಮ್ಮೆ, ಗೀಸರ್ ತೋರ್ಸಿ, ಅದಕ್ಕೆ ಅದೇ ಚೆಂದ. ತೋಳಗಳ ಈ ಲೆಕ್ಕಾಚಾರ ನೋಡ್ಬೇಕು ಅಂದ್ರೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ಮಧ್ಯೆ ಬನ್ನಿ, ಹಿಮದ ಮೇಲೆ ಎದ್ದು ಕಾಣ್ತವೆ, ಓಡಾಟಾನೂ ಜಾಸ್ತಿ. ಎರಡು ಜೊತೆ ಗ್ಲೌಸ್, ಒಳಗೆ ತೆಳುವಾದದ್ದು ಹೊರಗೆ ದಪ್ಪದ್ದು, ಇಲ್ಲಾಂದ್ರೆ ಸ್ಕೋಪಿನ ಫೋಕಸ್ ತಿರುಗ್ಸುವಷ್ಟರಲ್ಲಿ ಬೆರಳು ಮರಗಟ್ಟುತ್ತೆ. ಸ್ಕೋಪಿಗೆ ಫೋನ್ ಸಿಗಿಸೋ ಅಡಾಪ್ಟರ್ ನಿಮ್ಮ ಫೋನಿಗೆ ಹೊಂದೋದು ನೀವೇ ತಗೊಂಡು ಹೋಗಿ, ಅವ್ರ ಹತ್ರ ಇರೋದು ಎಲ್ಲಾ ಮಾಡೆಲ್‌ಗೂ ಆಗಲ್ಲ. ಟಿಪ್ ರೇಟಲ್ಲಿ ಸೇರಿರಲ್ಲ, ಹದಿನೈದಿಪ್ಪತ್ತು ಪರ್ಸೆಂಟ್ ಎತ್ತಿಟ್ಕೊಂಡಿರಿ, ಸ್ಕೋಪಿನ ಸಿಟ್ಟು ಗೈಡ್ ಮೇಲೆ ತೀರಿಸ್ಬೇಡಿ, ಅದು ಆಫೀಸಿನವರ ತಪ್ಪು, ನಾವು ಇಪ್ಪತ್ತು ಪರ್ಸೆಂಟೇ ಕೊಟ್ವಿ.